ವಾಹನರಕ್ಷಣೆಯೂ ಶರಣರ ಎಚ್ಚರವೂ



ಕಲ್ಯಾಣದ ಶರಣಗಣದಲ್ಲಿ ಕನ್ನದ ಮಾರಿತಂದೆಯೆಂಬ ಶರಣನೊಬ್ಬನಿದ್ದನು. ಗೋಡೆಯನ್ನು ಕೊರೆದು ಒಳಹೊಕ್ಕು ಕದಿಯುವುದಕ್ಕೆ ಕನ್ನವಿಕ್ಕುವುದೆಂದು ಹೆಸರು. ಪೂರ್ವದಲ್ಲಿ ಅದೇ ಅವನ ವೃತ್ತಿಯಾಗಿದ್ದಿತೆಂದು ಪರಂಪರೆಯು ಹೇಳುತ್ತದೆ. ಶರಣಸಂಗದಿಂದ ಬಾಳು ತಿರುಗಿತು. ಆದರೂ ಹೆಸರಿಗೆ ಅಂಟಿದ ಕನ್ನವನ್ನು ಅವನು ಕಿತ್ತೊಗೆಯಲಿಲ್ಲ. ದೊರೆತಿರುವ ಅವನ ವಚನಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದರ ತಾತ್ಪರ್ಯವಿಷ್ಟು: ಮಲಗಿದವನ ಮನೆಯನ್ನು ಹೊಗುವುದು ಕಳ್ಳನ ವಿದ್ಯೆಗೇ ಕುಂದು, ಮೈಮರೆತವನನ್ನು ಎಚ್ಚರಿಸಿ ಅವನ ಸೊತ್ತು ಯಾವುದೆಂಬುದನ್ನು ಅವನಿಗೆ ಕಾಣಿಸಬೇಕು. ಅಲ್ಲಿ ಸೊತ್ತೆಂದರೆ ಆತ್ಮಧನವೆಂಬುದು ಸರ್ವವಿದಿತ. ಆದರೆ ಕಳವಿನ ಒಳಮರ್ಮವನ್ನು ಬಲ್ಲವನೇ ಆಡಿದ ಮಾತಾದುದರಿಂದ ಲೌಕಿಕದಲ್ಲಿಯೂ ಅದಕ್ಕೆ ಬೆಲೆಯುಂಟು. ಒಡೆಯನ ಮರವೆಯೇ ಕಳ್ಳನ ಮೂಲಧನ.

ಈ ಮಾತನ್ನು ಇಂದಿನ ಬೆಲೆಬಾಳುವ ಕಾರುಗಳಿಗೆ ಅನ್ವಯಿಸಿ ನೋಡತಕ್ಕದ್ದಾಗಿದೆ. ಗುಬ್ಬಿಯ ಅಡಕೆ ವರ್ತಕನಾಗಲಿ, ಕುಣಿಗಲಿನ ಗುತ್ತಿಗೆದಾರನಾಗಲಿ, ತುಮಕೂರಿನ ವೈದ್ಯನಾಗಲಿ, 40-50 ಲಕ್ಷ ರೂಪಾಯಿಗಳ ವಾಹನವನ್ನು ಕೊಳ್ಳುವುದು ಈಗ ಆಶ್ಚರ್ಯದ ಸಂಗತಿಯಲ್ಲ. ಕೊಂಡವನು ಎಡೆಯೂರಿಗೆ ಹೋಗುತ್ತಾನೆ. ತೋಂಟದ ಸಿದ್ಧಲಿಂಗೇಶ್ವರನ ಸನ್ನಿಧಿಯಲ್ಲಿ ಕೀಲಿಯನ್ನು ಇರಿಸಿ, ಗಾಲಿಯ ಕೆಳಗೆ ನಿಂಬೆಹಣ್ಣನ್ನು ಇಟ್ಟು, ಹೂಹಾರ ಹಾಕಿ, ಹೆದ್ದಾರಿ ಹಿಡಿದು ಮನೆಗೆ ಬರುತ್ತಾನೆ. ಬಂದವನು ಆ ಕೀಲಿಯನ್ನು ತಲೆಬಾಗಿಲ ಪಕ್ಕದ ಮೊಳೆಗೆ ತೂಗುಹಾಕುತ್ತಾನೆ. ಇಂದಿನ ಕಳ್ಳನು ಬಯಸುವುದು ಆ ಮೊಳೆಯನ್ನೇ!

ಇದು ಹೇಗೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಅರಿಯಬೇಕು. ಈಗಿನ ದುಬಾರಿ ಕಾರುಗಳ ಕೀಲಿಯನ್ನು ಬೀಗದಲ್ಲಿ ತಿರುಗಿಸಬೇಕಾಗಿಲ್ಲ. ಅದು ಜೇಬಿನಲ್ಲಿದ್ದರೆ ಸಾಕು. ಕಾರು ರೇಡಿಯೊ ಸಂಕೇತದಿಂದ ಕರೆಯುತ್ತದೆ, ಕೀಲಿ ಓಗೊಡುತ್ತದೆ, ಬಾಗಿಲು ತೆರೆಯುತ್ತದೆ. ಈ ಕರೆಯು ಕೆಲವೇ ಅಡಿಗಳ ದೂರಕ್ಕೆ ಕೇಳಿಸತಕ್ಕದ್ದು. ಕಳ್ಳರು ಇಬ್ಬರು ಬರುತ್ತಾರೆ. ಒಬ್ಬನು ಸಂಕೇತವನ್ನು ಹಿಗ್ಗಿಸುವ ಉಪಕರಣವನ್ನು ಹಿಡಿದು ತಲೆಬಾಗಿಲ ಬಳಿ ನಿಲ್ಲುತ್ತಾನೆ. ಮತ್ತೊಬ್ಬನು ಅದರ ಜೋಡಿ ಉಪಕರಣದೊಡನೆ ಕಾರಿನ ಬಳಿ ನಿಲ್ಲುತ್ತಾನೆ. ಗೋಡೆಯ ಒಳಗೆ ಮೊಳೆಯಲ್ಲಿ ತೂಗುವ ಕೀಲಿಯ ಓಗೊಡುವಿಕೆಯನ್ನು ಇವರು ಕಾರಿನ ಕಿವಿಗೆ ಮುಟ್ಟಿಸುತ್ತಾರೆ. ಒಡೆಯನೇ ಬಂದನೆಂದು ಭ್ರಮಿಸಿ ಕಾರು ಬಾಗಿಲು ತೆರೆಯುತ್ತದೆ. ಗಾಜು ಒಡೆಯುವುದಿಲ್ಲ, ನಾಯಿ ಬೊಗಳುವಷ್ಟು ಸದ್ದೂ ಆಗುವುದಿಲ್ಲ, ಒಂದೆರಡು ನಿಮಿಷಗಳಲ್ಲಿ ಕಾರ್ಯ ಮುಗಿಯುತ್ತದೆ. ಮಾರಿತಂದೆಯ ಕಾಲದಲ್ಲಿ ಕನ್ನ ಬಿದ್ದ ಗೋಡೆಯಾದರೂ ಬೆಳಿಗ್ಗೆ ಕಣ್ಣಿಗೆ ಕಾಣುತ್ತಿತ್ತು. ಗಾಳಿಯಲ್ಲಿ ಕೊರೆದ ಕನ್ನಕ್ಕೆ ಗುರುತೂ ಉಳಿಯದು.

ಎರಡನೆಯ ಮಾರ್ಗವೂ ಒಂದುಂಟು. ಚಾಲಕನ ಕಾಲಬಳಿಯಲ್ಲಿ, ದುರಸ್ತಿಗಾರರು ಯಂತ್ರವನ್ನು ಜೋಡಿಸಿ ದೋಷವನ್ನು ತಿಳಿಯುವುದಕ್ಕಾಗಿ ಇರುವ ಓಬಿಡಿ ಎಂಬ ಕಿಂಡಿಯ ಮೂಲಕ ಹೊಸ ಕೀಲಿಯನ್ನೇ ಕಾರಿಗೆ ಪರಿಚಯಿಸಿಬಿಡುವುದು. 2021ರ ಜನವರಿಯಲ್ಲಿ ಹೈದರಾಬಾದಿನ ದೊಡ್ಡ ಹೋಟೆಲೊಂದರಿಂದ ಕನ್ನಡ ಚಲನಚಿತ್ರ ನಿರ್ಮಾಪಕರೊಬ್ಬರ ಫಾರ್ಚೂನರ್ ವಾಹನವು ಕಾಣೆಯಾದುದು ಅನೇಕರ ನೆನಪಿನಲ್ಲಿರಬಹುದು. ವಿದ್ಯುನ್ಮಾನ ಉಪಕರಣದಿಂದ ಕೀಲಿಯ ನಕಲು ಮಾಡುವ ಚೋರವಿದ್ಯೆಯ ಚರ್ಚೆ ಆಗ ಪತ್ರಿಕೆಗಳಲ್ಲಿ ಬಂದಿತು. 2022ರಲ್ಲಿ ಲಂಡನ್ ನಗರದಲ್ಲಿ ಇನ್ನೂ ವಿಚಿತ್ರವಾದುದು ನಡೆಯಿತು. ವಾಹನಗಳ ಭದ್ರತೆಯನ್ನೇ ಸಂಶೋಧಿಸುತ್ತಿದ್ದ ಪರಿಣತನೊಬ್ಬನ ಕಾರಿನ ಮುಂದೀಪವನ್ನು ಕಳಚಿ, ಅದರ ತಂತಿಯ ಮೂಲಕ ಕಾರಿಗೆ ಸುಳ್ಳು ಆಜ್ಞೆಗಳನ್ನು ಕಳುಹಿಸಿ, ಕಾರನ್ನೇ ಒಯ್ದರು. ವಿದ್ವಾಂಸನ ಮನೆಗೇ ಕನ್ನ! ಆದುದರಿಂದ ಯಾವ ಒಂದು ಉಪಾಯವನ್ನೂ ಪೂರ್ಣವಾಗಿ ನೆಚ್ಚಲಾಗದು.

ಪ್ರತೀಕಾರವೇನು? ಲೋಹದ ಪೆಟ್ಟಿಗೆಯೊಳಗೆ ಹೊರಗಿನ ವಿದ್ಯುತ್ಪ್ರಭಾವವು ಹಾಯದೆಂಬ ತತ್ತ್ವವನ್ನು 1836ರಲ್ಲಿ ಮೈಕೆಲ್ ಫ್ಯಾರಡೆ ಎಂಬ ಆಂಗ್ಲ ವಿಜ್ಞಾನಿಯು ಪ್ರಯೋಗದಿಂದ ತೋರಿಸಿದನು. ಬಿಗಿಯಾದ ಮುಚ್ಚಳವುಳ್ಳ ತಗಡಿನ ಡಬ್ಬಿಯಲ್ಲಿ ಕೀಲಿಯನ್ನು ಇಟ್ಟು, ಡಬ್ಬಿಯನ್ನು ಕೈಯಲ್ಲಿ ಹಿಡಿದು, ಕಾರಿನ ಪಕ್ಕದಲ್ಲಿ ನಿಂತು ಬಾಗಿಲನ್ನು ಎಳೆದು ನೋಡಬೇಕು. ತೆರೆಯದಿದ್ದರೆ ಆ ಡಬ್ಬಿ ಯೋಗ್ಯ. ತೆರೆದರೆ ಅದು ಉಪ್ಪಿನಕಾಯಿಗೆ ಮಾತ್ರ ಯೋಗ್ಯ. ಎರಡನೆಯ ಕೀಲಿಯನ್ನೂ ಹಾಗೆಯೇ ಇಡಬೇಕೆಂಬುದನ್ನು ಮರೆಯಬಾರದು. ಸ್ಟೀರಿಂಗಿಗೆ ಹಾಕುವ ಹಳೆಯ ಕಾಲದ ಕಬ್ಬಿಣದ ಬೀಗವು ನೋಡಲು ಒರಟಾಗಿದ್ದರೂ ಅದಕ್ಕೆ ರೇಡಿಯೊ ಭಾಷೆ ತಿಳಿಯದು; ಗರಗಸದಿಂದಲೇ ಕೊಯ್ಯಬೇಕು, ಸದ್ದಾಗುತ್ತದೆ. ಓಬಿಡಿ ಕಿಂಡಿಗೂ ಬೀಗಗಳು ದೊರೆಯುತ್ತವೆ. ಕಾರು ಎಲ್ಲಿದೆಯೆಂದು ತಿಳಿಸುವ ಜಿಪಿಎಸ್ ಉಪಕರಣವನ್ನು ಅದರದೇ ಬ್ಯಾಟರಿಯುಳ್ಳದ್ದಾಗಿ ಆಯ್ದು ಗುಪ್ತಸ್ಥಳದಲ್ಲಿ ಇರಿಸಬೇಕು. ಚತುರ ಕಳ್ಳರು ಕದ್ದ ಕಾರನ್ನು ಒಂದೆರಡು ದಿನ ಯಾವುದೋ ಬಡಾವಣೆಯಲ್ಲಿ ಸುಮ್ಮನೆ ನಿಲ್ಲಿಸಿ, ಹುಡುಕಿಕೊಂಡು ಯಾರಾದರೂ ಬರುವರೋ ಎಂದು ದೂರದಿಂದ ನೋಡುವುದುಂಟು. ಆ ಅವಧಿಯೇ ಒಡೆಯನಿಗೆ ದೊರೆಯುವ ಸಂದರ್ಭ. ಬಟವಾಡಿ, ಎಸ್.ಎಸ್. ಪುರಂ ಮೊದಲಾದ ಕಡೆಗಳಲ್ಲಿ ಮನೆಯೊಳಗೆ ಸ್ಥಳವಿಲ್ಲದೆ ಬೀದಿಯಂಚಿನಲ್ಲಿ ಕಾರನ್ನು ನಿಲ್ಲಿಸುವವರು ದೀಪದ ಬೆಳಕಿರುವ ಎಡೆಯನ್ನೂ, ನೆರೆಯವರ ಕಣ್ಣಿಗೆ ಬೀಳುವ ಎಡೆಯನ್ನೂ ಆರಿಸುವುದು ಲೇಸು.

ಇಲ್ಲಿ ಒಂದು ಆಕ್ಷೇಪಣೆಯು ಹುಟ್ಟುವುದು ಸಹಜ. ಬಸವಣ್ಣನವರ ಮನೆಯ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ತಾಯಿಗಳನ್ನು ಅಗಲಿದ ಕರುಗಳು ಕೊರಗುವುವೆಂದು ಅವುಗಳನ್ನೂ ಕಳ್ಳರಿಗೆ ಒಪ್ಪಿಸಿದರೆಂಬ ಪ್ರಸಂಗವು ಮಕ್ಕಳಿಗೂ ತಿಳಿದಿದೆ. ತನು ಮನ ಧನಗಳನ್ನು ಗುರುಲಿಂಗಜಂಗಮಕ್ಕೆ ಒಪ್ಪಿಸಿದ ಭಕ್ತನಿಗೆ ಬೀಗವೇಕೆ, ಡಬ್ಬಿಯೇಕೆ, ಹೋದರೆ ಹೋಗಲಿ ಎನ್ನಬಾರದೇ ಎಂದು ಕೇಳುವವರುಂಟು. ವಿಚಾರಮಾಡಿ ನೋಡಿದರೆ, ಆ ಪ್ರಸಂಗದಲ್ಲಿ ಬಸವಣ್ಣನವರು ಪರಮ ಎಚ್ಚರದಲ್ಲಿದ್ದರು. ಹಸುವಿನ ನೋವೂ ಕರುವಿನ ನೋವೂ ಕಳ್ಳನ ಬಡತನವೂ ಏಕಕಾಲದಲ್ಲಿ ಅವರಿಗೆ ಕಂಡವು. ಕಂಡು, ಅರಿತು, ಕೊಟ್ಟರು. ಕೀಲಿಯನ್ನು ಮೊಳೆಗೆ ಹಾಕಿ ಮಲಗಿದವನು ಏನನ್ನೂ ಕೊಡಲಿಲ್ಲ. ಅವನಿಂದ ಕಳೆದುಹೋಯಿತು, ಅಷ್ಟೇ. ಬೆಳಿಗ್ಗೆ ಎದ್ದು ಶಾಪ ಹಾಕುವವನು ರಾತ್ರಿ ದಾನ ಮಾಡಿದನೆಂದು ಯಾರು ಒಪ್ಪುವರು? ಧನವು ದಾಸೋಹಕ್ಕಾಗಿ ಕೈಯಲ್ಲಿರುವ ಒತ್ತೆಯೆಂದು ನಂಬಿದವನಿಗೆ ಅದನ್ನು ಕಾಯುವ ಹೊಣೆ ಹೆಚ್ಚೇ ಹೊರತು ಕಡಿಮೆಯಲ್ಲ.

ಸಿದ್ಧಗಂಗೆಯ ಜಾತ್ರೆಯ ದನಗಳ ಪರಿಷೆಯನ್ನು ನೋಡಿದವರಿಗೆ ಇದು ಬೇಗನೆ ತಿಳಿಯುತ್ತದೆ. ಬೆಲೆಬಾಳುವ ಜೋಡೆತ್ತುಗಳನ್ನು ತಂದ ರೈತನು ಅವುಗಳ ಪಕ್ಕದಲ್ಲಿಯೇ ಹುಲ್ಲಿನ ಮೇಲೆ ಮಲಗುತ್ತಾನೆ. ಎತ್ತು ಕೊರಳಾಡಿಸಿದರೆ ಅವನಿಗೆ ಎಚ್ಚರ. ಟೀಪುವಿನ ಕಾಲದಿಂದ ಕುದುರೆಗಳ ಸಾಕಣೆಗೆ ಹೆಸರಾದ ಕುಣಿಗಲಿನಲ್ಲಿ ಲಾಯದವರನ್ನು ಕೇಳಿದರೂ ಇದೇ ಮಾತು. ಅಪರಿಚಿತನು ಹತ್ತಬಂದರೆ ಕುದುರೆ ಒದೆಯುತ್ತದೆ, ಎತ್ತು ಹಾಯುತ್ತದೆ. ಕಾರಿಗೆ ಆ ವಿವೇಕವಿಲ್ಲ. ಸಂಕೇತ ಸರಿಯಾಗಿದ್ದರೆ ಅದು ಕಳ್ಳನನ್ನೂ ಒಡೆಯನಂತೆಯೇ ತಣ್ಣನೆಯ ಗಾಳಿ ಬೀಸಿ ಒಯ್ಯುತ್ತದೆ. ಪ್ರಾಣಿಗೆ ಇದ್ದ ಎಚ್ಚರವನ್ನು ವಾಹನದ ಪರವಾಗಿ ಮನುಷ್ಯನೇ ಹೊರಬೇಕಾಗಿ ಬಂದಿದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ವಿಷಯವೊಂದಿದೆ. ಗೃಹಸ್ಥನೊಬ್ಬನನ್ನು ಭಾವಿಸೋಣ. ಅವನಿಗೊಬ್ಬ ಡ್ರೈವರು. ಹಳ್ಳಿಯಿಂದ ಬಂದವನು, ಹತ್ತು ವರ್ಷಗಳಿಂದ ಮನೆಯವರನ್ನು ಮಠಕ್ಕೆ, ಮದುವೆಗೆ, ಆಸ್ಪತ್ರೆಗೆ ಸುಖವಾಗಿ ಮುಟ್ಟಿಸಿದವನು. ಒಂದು ಬೆಳಿಗ್ಗೆ ಕಾರಿಲ್ಲ. ಗಾಜಿನ ಚೂರಿಲ್ಲ, ಬೀಗ ಮುರಿದ ಗುರುತಿಲ್ಲ. ಕೀಲಿ ಮೊಳೆಯಲ್ಲಿಯೇ ಇದೆ. ಆಗ ಮನೆಯವರ ಕಣ್ಣು ಮೊದಲು ಯಾರ ಮೇಲೆ ಬೀಳುತ್ತದೆ? ಕೀಲಿಯನ್ನು ಮುಟ್ಟುವವನು ಅವನೊಬ್ಬನೇ, ನಕಲು ಮಾಡಿಸಿರಬೇಕು ಎನ್ನುತ್ತಾರೆ. ಅವನ ತಂಗಿಯ ಮದುವೆಗೆ ಸಾಲ ಕೇಳಿದ್ದುದು ನೆನಪಾಗುತ್ತದೆ. ಕಳೆದ ವಾರ ರಜೆ ಕೇಳಿದುದಕ್ಕೂ ಅರ್ಥ ಹುಟ್ಟುತ್ತದೆ. ಠಾಣೆಯಲ್ಲಿ ಅವನ ಹೆಸರನ್ನು ಒಂದು ಸಲ ಬಾಯಿಬಿಟ್ಟು ಹೇಳಿದರೆ ಸಾಕು. ಮುಂದೆ ಕಾರು ಸಿಕ್ಕಿದರೂ, ಕಳ್ಳರು ಬೇರೆಯವರೆಂದು ತಿಳಿದರೂ, ಊರಿನಲ್ಲಿ ಅವನ ಮುಖಕ್ಕೆ ಹತ್ತಿದ ಮಸಿಯನ್ನು ಯಾರು ತೊಳೆಯುವರು? ಕಾರಿಗೆ ವಿಮೆಯುಂಟು. ಡ್ರೈವರನ ಮಾನಕ್ಕೆ ವಿಮೆ ಮಾಡುವ ಕಂಪೆನಿ ಇನ್ನೂ ಹುಟ್ಟಿಲ್ಲ.

ಆದುದರಿಂದ ವಾಹನರಕ್ಷಣೆಯೆಂಬುದು ಭೃತ್ಯಾಚಾರದ ವಿಷಯವೂ ಆಗಿದೆ. ಸಕಲರಿಗೂ ತಾನು ಕಿಂಕರನೆಂದು ನಡೆಯಬೇಕಾದ ಭಕ್ತನು ತನ್ನ ಸೋಮಾರಿತನದಿಂದ ಮತ್ತೊಬ್ಬ ಕಾಯಕಜೀವಿಯ ಹೆಸರಿಗೆ ಕಳಂಕ ತರುವುದು ಆಚಾರಭಂಗವಲ್ಲದೆ ಮತ್ತೇನು? ಡ್ರೈವರನಿಗೆ ಒಂದು ಕೀಲಿಯನ್ನಷ್ಟೇ ಕೊಡಬೇಕು. ರಾತ್ರಿ ಅದನ್ನು ಹಿಂದಿರುಗಿಸಿದಾಗ ಒಂದು ಪುಸ್ತಕದಲ್ಲಿ ವೇಳೆಯನ್ನು ಬರೆದು ಇಬ್ಬರೂ ಸಹಿ ಹಾಕಬೇಕು. ಅಪನಂಬಿಕೆಯಿಂದ ಇದನ್ನು ಮಾಡಿಸುತ್ತಿದ್ದಾರೆಂದು ಅವನು ಮೊದಲು ನೊಂದುಕೊಳ್ಳಬಹುದು. ಆ ಪುಸ್ತಕವು ಅವನ ಪರವಾದ ಸಾಕ್ಷಿಯೆಂಬುದನ್ನು ಕುಳ್ಳಿರಿಸಿ ತಿಳಿಯಹೇಳಬೇಕು. ಬಾಗಿಲ ಬಳಿ ಒಂದು ಕ್ಯಾಮೆರಾ ಇದ್ದರೆ ಅದೂ ನಿರಪರಾಧಿಗೆ ಬಂಧುವೇ. ಮದುವೆ ಛತ್ರಗಳಲ್ಲಿ, ಹೋಟೆಲುಗಳಲ್ಲಿ, ಕಾರು ತೊಳೆಯುವಲ್ಲಿ ಗುರುತಿಲ್ಲದವರ ಕೈಗೆ ಕೀಲಿಯನ್ನು ಎಸೆದು ಹೋಗುವ ಶ್ರೀಮಂತರ ಠೀವಿಯು ಮಾತ್ರ ಯಾವ ಕಾಲಕ್ಕೂ ಒಳ್ಳೆಯದಲ್ಲ.

ವಿಮೆಯ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಕಾರು ಕಳುವಾದಾಗ ವಿಮಾ ಕಂಪೆನಿಯವರು ಎರಡು ಕೀಲಿಗಳನ್ನೂ ಕೇಳುತ್ತಾರೆ. ಒಂದನ್ನು ಎಲ್ಲಿಯೋ ಕಳೆದುಕೊಂಡು ತಿಳಿಸದೆ ಇದ್ದವನು ತೊಡಕಿಗೆ ಸಿಲುಕುತ್ತಾನೆ. ದಾಖಲೆಪತ್ರಗಳ ಮೂಲಪ್ರತಿಗಳನ್ನು ಕಾರಿನಲ್ಲಿಯೇ ಬಿಡುವುದು ಕಳ್ಳನಿಗೆ ತಾಂಬೂಲದೊಡನೆ ದಕ್ಷಿಣೆ ಕೊಟ್ಟಂತೆ. ಲಾರಿಯಲ್ಲಿಯೇ ಕೀಲಿಯನ್ನು ಬಿಟ್ಟು ಚಾಲಕನು ಕೆಳಗಿಳಿದಾಗ ಲಾರಿಯೇ ಕಳುವಾದ ಮೊಕದ್ದಮೆಯೊಂದರಲ್ಲಿ 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಮೆಯ ಹಣದಲ್ಲಿ ಶೇಕಡ 75ರಷ್ಟನ್ನು ಕೊಡಿಸಿತು. ಮರವೆಯ ಬೆಲೆ ನಾಲ್ಕರಲ್ಲಿ ಒಂದು ಪಾಲೆಂದಾಯಿತು. ಪೋಲೀಸರಿಗೆ ಕೂಡಲೇ ದೂರು ಕೊಟ್ಟವನಿಗೆ, ಕಂಪೆನಿಗೆ ತಿಳಿಸುವುದು ತಡವಾಯಿತೆಂಬ ಒಂದೇ ಕಾರಣದಿಂದ ಹಣವನ್ನು ನಿರಾಕರಿಸಲಾಗದೆಂದು ಅದೇ ನ್ಯಾಯಾಲಯವು 2020ರಲ್ಲಿ ಹೇಳಿದೆ. ಇದನ್ನು ನೆಪಮಾಡಿಕೊಂಡು ತಡಮಾಡುವುದು ಜಾಣತನವಲ್ಲ.

ಕಳ್ಳನನ್ನು ಸಾಕುವವರು ಯಾರೆಂಬುದನ್ನೂ ನೋಡಬೇಕಲ್ಲವೇ? ಕೊಳ್ಳುವವನಿಲ್ಲದಿದ್ದರೆ ಕದಿಯುವವನಿಲ್ಲ. 50 ಲಕ್ಷದ ಕಾರು ಹತ್ತು ಲಕ್ಷಕ್ಕೆ ಬಂದಾಗ ಶಿವಕೃಪೆಯೆಂದು ಕಣ್ಣಿಗೆ ಒತ್ತಿಕೊಳ್ಳುವವನು ತಾನು ಕದಿಯಲಿಲ್ಲವೆಂದು ಹೇಗೆ ಹೇಳಿಯಾನು? ಬಸವಣ್ಣನವರು ಅಂತರಂಗ ಬಹಿರಂಗ ಶುದ್ಧಿಗೆ ಎಣಿಸಿದ ಏಳು ನಡೆಗಳಲ್ಲಿ ಮೊದಲನೆಯದೇ ಕಳವಿನ ನಿಷೇಧ. ಕುರುಡುನಟನೆಯಿಂದ ಕೊಳ್ಳುವುದಕ್ಕೆ ಅದರಲ್ಲಿ ವಿನಾಯಿತಿಯಿಲ್ಲ. ಮಡದಿಯ ಮಾತಿಗೆ ಒಪ್ಪಿ ಮಿಕ್ಕ ಅಕ್ಕಿಯನ್ನು ಮರಳಿ ಸುರಿದು ಬಂದ ಆಯ್ದಕ್ಕಿ ಮಾರಯ್ಯನ ಪರಂಪರೆಯವರು, ಹಳೆಯ ಕಾರನ್ನು ಕೊಳ್ಳುವಾಗ ಎಂಜಿನ್ ಸಂಖ್ಯೆಯನ್ನೂ ಚಾಸಿ ಸಂಖ್ಯೆಯನ್ನೂ ಪ್ರಾದೇಶಿಕ ಸಾರಿಗೆ ಕಚೇರಿಯ ದಾಖಲೆಯೊಡನೆ ಹೋಲಿಸಿ ನೋಡುವಷ್ಟು ಶ್ರಮವನ್ನಾದರೂ ವಹಿಸಬೇಡವೇ? ಸಂಖ್ಯೆಯನ್ನು ಉಜ್ಜಿ ಮತ್ತೆ ಕೊರೆದ ಗುರುತು ಕಂಡರೆ, ಸಾಲದ ಬ್ಯಾಂಕಿನ ಬಿಡುಗಡೆಪತ್ರವಿಲ್ಲದಿದ್ದರೆ, ಬೆಲೆ ಎಷ್ಟೇ ಸೊಗಸಾಗಿದ್ದರೂ ಹಿಂದಕ್ಕೆ ಸರಿಯಬೇಕು.

ಇಷ್ಟೆಲ್ಲ ಕಾದರೂ ಕಾರು ಹೋಗಬಹುದು. ಹೋದುದು ತಿಳಿದೊಡನೆ 112ಕ್ಕೆ ದೂರವಾಣಿ ಮಾಡಿ, ಜಿಪಿಎಸ್ ಇದ್ದರೆ ಅದು ತೋರುವ ಸ್ಥಳವನ್ನು ತಿಳಿಸಬೇಕು. ತಾನೇ ಬೆನ್ನಟ್ಟಿ ಹೋಗಬಾರದು. ಠಾಣೆಯಲ್ಲಿ ದೂರು ಬರೆಸಿ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಪಡೆದು, ವಿಮಾ ಕಂಪೆನಿಗೂ ಸಾರಿಗೆ ಕಚೇರಿಗೂ ಬರವಣಿಗೆಯಲ್ಲಿ ತಿಳಿಸಬೇಕು. ಕದ್ದ ವಾಹನದಿಂದ ಬೇರೊಂದು ಅಪರಾಧ ನಡೆದರೆ ಒಡೆಯನನ್ನು ಕಾಯುವುದು ಆ ಕಾಗದವೇ. ಠಾಣೆಗೆ ಹೋಗುವಾಗ ಡ್ರೈವರನನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗುವುದು ಒಳ್ಳೆಯದು. ಸಹಿಯ ಪುಸ್ತಕವನ್ನು ಅವನ ಕೈಯಲ್ಲಿಯೇ ಕೊಟ್ಟು, ಅಧಿಕಾರಿಗಳು ಕೇಳುವ ಮೊದಲೇ, ನಿನ್ನೆ ರಾತ್ರಿ ಇಷ್ಟು ಗಂಟೆಗೆ ಇವನು ಕೀಲಿಯನ್ನು ನನಗೆ ಒಪ್ಪಿಸಿದನು ಎಂದು ಯಜಮಾನನೇ ತನ್ನ ಬಾಯಿಂದ ಹೇಳಿ, ಅದನ್ನು ಹೇಳಿಕೆಯಲ್ಲಿ ಬರೆಯಿಸಬೇಕು.