ಸಿಗಲಿಲ್ಲ ಅನ್ನೋದು ಬೇರೆ, ಇಲ್ಲ ಅನ್ನೋದು ಬೇರೆ

ಚಿಕ್ಕ ಪ್ಲಾಸ್ಟಿಕ್ ಚೌಕಟ್ಟು, ಅದರೊಳಗೆ 1ರಿಂದ 15ರವರೆಗೆ ಅಂಕಿ ಇರುವ ಬಿಲ್ಲೆಗಳು, ಒಂದು ಖಾಲಿ ಜಾಗ. ಜಾತ್ರೆಯಲ್ಲೋ ಫ್ಯಾನ್ಸಿ ಸ್ಟೋರಲ್ಲೋ ಕೊಂಡ ಈ ಆಟಿಕೆಯನ್ನು ನೀವೂ ಕೈಯಲ್ಲಿ ಹಿಡಿದಿರುತ್ತೀರಿ. ಬಿಲ್ಲೆಯನ್ನು ಎತ್ತುವ ಹಾಗಿಲ್ಲ, ಸರಿಸಿ ಸರಿಸಿಯೇ ಅಂಕಿಗಳನ್ನು ಕ್ರಮವಾಗಿ ಕೂರಿಸಬೇಕು. ಇದನ್ನು ಬಿಡಿಸೋ ಪ್ರೋಗ್ರಾಂ ಬರೆಯೋದು ಕಂಪ್ಯೂಟರ್ ಸೈನ್ಸ್ ಓದಿದವರ ಹಳೇ ಚಟ. ಈಚೆಗೆ ಒಂದು ಭಾನುವಾರ ನಾನೂ ಕೂತು ಬರೆದೆ. ಬರೆಯುತ್ತಾ ಒಂದು ಪ್ರಶ್ನೆ ತಲೆಗೆ ಹೊಕ್ಕಿತು: ಸೋತವರಿಗೆಲ್ಲ 'ಇನ್ನೂ ಸ್ವಲ್ಪ ಪ್ರಯತ್ನ ಪಡು' ಅಂತ ಹೇಳೋದು ನಿಜವಾಗಿ ಒಳ್ಳೇದಾ?

ಮೊದಲು ಚಿಕ್ಕ ಆಟ ತಗೊಳ್ಳಿ: ಮೂರು ಸಾಲು, ಮೂರು ಕಂಬ, 8 ಬಿಲ್ಲೆ. ಒಟ್ಟು 3,62,880 ಜೋಡಣೆಗಳು ಸಾಧ್ಯ. ಆದರೆ ಯಾವುದೇ ಜೋಡಣೆಯಿಂದ ಹೊರಟರೂ ತಲುಪಬಹುದಾದದ್ದು ಅದರ ಅರ್ಧ, 1,81,440 ಮಾತ್ರ. ಉಳಿದರ್ಧಕ್ಕೆ ದಾರಿಯೇ ಇಲ್ಲ.

ಯಾಕೆ ಅನ್ನೋದು ಸರಳ. ಸಾಲುಗಳನ್ನು ಮೇಲಿಂದ ಕೆಳಕ್ಕೆ ಒಂದೇ ಉದ್ದಕ್ಕೆ ಓದಿ. ದೊಡ್ಡ ಅಂಕಿ ಚಿಕ್ಕದಕ್ಕಿಂತ ಮೊದಲು ಬಂದಿರುವ ಜೋಡಿಗಳೆಷ್ಟು ಎಣಿಸಿ. ಬಿಲ್ಲೆಯನ್ನು ಅಡ್ಡಕ್ಕೆ ಸರಿಸಿದರೆ ಈ ಲೆಕ್ಕ ಬದಲಾಗಲ್ಲ. ಮೇಲಕ್ಕೋ ಕೆಳಕ್ಕೋ ಸರಿಸಿದರೆ ಅದು ಓದುವ ಕ್ರಮದಲ್ಲಿ ಎರಡು ಬಿಲ್ಲೆಗಳನ್ನು ದಾಟುತ್ತೆ. ಹಾಗಾಗಿ ಲೆಕ್ಕ ಎರಡು ಏರುತ್ತೆ, ಎರಡು ಇಳಿಯುತ್ತೆ, ಇಲ್ಲಾ ಹಾಗೇ ಇರುತ್ತೆ. ಬೆಸ ಇದ್ದದ್ದು ಬೆಸವಾಗಿಯೇ ಉಳಿಯುತ್ತೆ. ಗುರಿಯಲ್ಲಿ ಈ ಲೆಕ್ಕ ಸೊನ್ನೆ, ಅಂದರೆ ಸಮ. ಬೆಸದಿಂದ ಹೊರಟವನು ಜೀವಮಾನವಿಡೀ ಸರಿಸಿದರೂ ಅಲ್ಲಿಗೆ ಹೋಗಿ ಸೇರಲ್ಲ. ಇದನ್ನು ತಿಳಿಯೋಕೆ 28 ಜೋಡಿಗಳನ್ನು ಹೋಲಿಸಿದರೆ ಸಾಕು.

15 ಬಿಲ್ಲೆಯ ಆಟಕ್ಕೂ ಇಂಥದ್ದೇ ನಿಯಮ ಇದೆ, ಖಾಲಿ ಜಾಗ ಯಾವ ಸಾಲಲ್ಲಿದೆ ಅನ್ನೋದನ್ನೂ ಸೇರಿಸಿಕೊಳ್ಳಬೇಕು ಅಷ್ಟೆ. 1880ರಲ್ಲಿ ಅಮೆರಿಕದಲ್ಲಿ ಈ ಆಟದ ಹುಚ್ಚು ಹಿಡಿದಿತ್ತು. ಎಲ್ಲಾ ಸರಿ ಇದ್ದು 14 ಮತ್ತು 15 ಮಾತ್ರ ಅದಲುಬದಲಾದ ಜೋಡಣೆ ಜನರ ನಿದ್ದೆ ಕೆಡಿಸಿತು. ಅದನ್ನು ಬಿಡಿಸೋಕೆ ಆಗಲ್ಲ ಅಂತ ತೋರಿಸಿದ ಜಾನ್ಸನ್ ಮತ್ತು ಸ್ಟೋರಿ ಅವರ ಬರಹಗಳು 1879ರಲ್ಲೇ 'ಅಮೆರಿಕನ್ ಜರ್ನಲ್ ಆಫ್ ಮ್ಯಾಥಮ್ಯಾಟಿಕ್ಸ್'ನಲ್ಲಿ ಬಂದಿದ್ದವು. ಅದಾದ ವರ್ಷಗಳ ಮೇಲೆ ಸ್ಯಾಮ್ ಲಾಯ್ಡ್ ಅನ್ನೋ ಒಗಟುಗಾರ ಇದಕ್ಕೆ 1,000 ಡಾಲರ್ ಬಹುಮಾನ ಇಟ್ಟ. ಕೊಡಬೇಕಾಗಿ ಬರಲ್ಲ ಅನ್ನೋ ಧೈರ್ಯ. ಪ್ರಯತ್ನಪಡುವವರ ಹಟವೇ ಇನ್ನೊಬ್ಬರಿಗೆ ಬಂಡವಾಳ ಆಗೋದು ಹೀಗೆ.

ಈಗ ಪ್ರೋಗ್ರಾಂಗೆ ಬರೋಣ. 15 ಬಿಲ್ಲೆಯ ಆಟದಲ್ಲಿ ತಲುಪಬಹುದಾದ ಜೋಡಣೆಗಳು ಸುಮಾರು 10.46 ಲಕ್ಷ ಕೋಟಿ. ಸೆಕೆಂಡಿಗೆ ಹತ್ತು ಲಕ್ಷದಂತೆ ನೋಡಿದರೂ ನಾಲ್ಕು ತಿಂಗಳು ಬೇಕು. ಅದಕ್ಕೇ ಅಂದಾಜು ಬಳಸ್ತೀವಿ: ಪ್ರತಿ ಬಿಲ್ಲೆ ತನ್ನ ಜಾಗದಿಂದ ಎಷ್ಟು ಮನೆ ದೂರ ಇದೆ ಅಂತ ಕೂಡಿಸಿ, ಗುರಿಗೆ ಕಡಿಮೆ ಅಂದರೆ ಇಷ್ಟು ನಡೆ ಬಾಕಿ ಅನ್ನೋದು. ಇದನ್ನು ನಂಬಿ, ಒಂದು ಮಿತಿಯೊಳಗೆ ಹುಡುಕಿ, ಸಿಗದಿದ್ದರೆ ಮಿತಿ ಏರಿಸಿ ಮತ್ತೆ ಮೊದಲಿಂದ ಹುಡುಕುವ ವಿಧಾನವನ್ನು ರಿಚರ್ಡ್ ಕಾರ್ಫ್ 1985ರಲ್ಲಿ ಪ್ರಕಟಿಸಿದರು. ಸೊಗಸಾಗಿ ಕೆಲಸ ಮಾಡುತ್ತೆ.

ಅದೇ ಪ್ರೋಗ್ರಾಂಗೆ ಆ 14-15ರ ಜೋಡಣೆ ಕೊಡಿ. ಎರಡೂ ಬಿಲ್ಲೆ ತಮ್ಮ ಜಾಗದಿಂದ ಒಂದೊಂದೇ ಮನೆ ದೂರ. ಅಂದಾಜು ಹೇಳುತ್ತೆ: ಬಾಕಿ ಎರಡೇ ನಡೆ! ಹುಡುಕುತ್ತೆ, ಸಿಗಲ್ಲ. ಮಿತಿ ಏರಿಸುತ್ತೆ, ಮತ್ತೆ ಸಿಗಲ್ಲ. ಬಿಡಿಸಬಹುದಾದ ಯಾವ ಜೋಡಣೆಗೂ 80ಕ್ಕಿಂತ ಹೆಚ್ಚು ನಡೆ ಬೇಡ ಅಂತ ಇವತ್ತು ನಮಗೆ ಗೊತ್ತು. ಪ್ರೋಗ್ರಾಂಗೆ ಅದನ್ನು ನಾವು ಹೇಳದಿದ್ದರೆ ಅದು ತಾನಾಗಿ ನಿಲ್ಲೋದೇ ಇಲ್ಲ. 'ಇಲ್ಲ' ಅನ್ನೋ ಪದವೇ ಅದಕ್ಕೆ ಗೊತ್ತಿಲ್ಲ.

'ಮನಸ್ಸಿದ್ದರೆ ಮಾರ್ಗ' ಅಂತ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳೋದು ಈ ಪ್ರೋಗ್ರಾಂ ಥರಾನೇ. ಮಾರ್ಗ ಸಿಗದವನ ಮನಸ್ಸಲ್ಲೇ ಐಬಿತ್ತು ಅನ್ನೋ ತೀರ್ಪು ಆ ಗಾದೆಯ ಬೆನ್ನಿಗೆ ಅಂಟಿಕೊಂಡೇ ಬರುತ್ತೆ. ಬೆಸದ ಜೋಡಣೆ ಕೈಗೆ ಬಂದವನಿಗೆ 'ನೀನು ಮನಸ್ಸಿಟ್ಟು ಆಡಲಿಲ್ಲ' ಅಂದರೆ ಅದು ಉತ್ತೇಜನ ಅಲ್ಲ, ಅನ್ಯಾಯ.

ಹಾಗಂತ ಸುಲಭವಾಗಿ 'ಆಗಲ್ಲ' ಅನ್ನೋದು ಅದಕ್ಕಿಂತ ದೊಡ್ಡ ಅನ್ಯಾಯ. ಕನ್ನಡ ಮೀಡಿಯಂ ಹುಡುಗರಿಗೆ ಇಂಜಿನಿಯರಿಂಗ್ ಆಗಿಬರಲ್ಲ ಅಂತ ನಾನು ಪಿಯುಸಿಯಲ್ಲಿದ್ದಾಗ ಎಷ್ಟೋ ಜನ ಹೇಳಿದ್ದರು. ಅವರ್ಯಾರೂ ಜೋಡಿ ಎಣಿಸಿದವರಲ್ಲ. 'ಇಲ್ಲ' ಅನ್ನುವವರು ಕಾರಣ ತೋರಿಸಬೇಕು. ಜಾನ್ಸನ್ ಮತ್ತು ಸ್ಟೋರಿ ತೋರಿಸಿದ ಹಾಗೆ, ಯಾರು ಬೇಕಾದರೂ ಕೂತು ಪರೀಕ್ಷಿಸುವ ಹಾಗೆ.

ಕಷ್ಟ ಇರೋದು ಈ ಎರಡರ ನಡುವೆ. ಬದುಕಿನ ಹೆಚ್ಚಿನ ಜಾಗಗಳಲ್ಲಿ 28 ಜೋಡಿ ಎಣಿಸುವ ಅನುಕೂಲ ಇರಲ್ಲ. ಶಿರಾ ಕಡೆಯ ನಮ್ಮೂರಲ್ಲಿ ದೊಡ್ಡಪ್ಪ ತೋಟಕ್ಕೆ ಅಂತ ಮೂರು ಬೋರ್ ಕೊರೆಸಿದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ಮಾಡಿದವನು ಪ್ರತಿ ಸಲ 'ಇನ್ನೈವತ್ತು ಅಡಿ ಹೋಗ್ಲಿ, ನೀರು ಗ್ಯಾರಂಟಿ' ಅನ್ನುತ್ತಿದ್ದ. ಅವನ ಅಂದಾಜಲ್ಲೂ ನೀರು ಯಾವಾಗಲೂ ಎರಡೇ ನಡೆ ದೂರ. ರಿಗ್ಗಿನ ಬಿಲ್ಲು ಅಡಿ ಲೆಕ್ಕ. ಮೂರನೆಯದರಲ್ಲೂ ಬರೀ ಧೂಳೆದ್ದಾಗ ದೊಡ್ಡಪ್ಪ ಲಾರಿ ಕಳಿಸಿಬಿಟ್ಟರು. 'ಇನ್ನೊಂದು ಹಾಕಿಸಿದ್ರೆ ಬರ್ತಿತ್ತು, ಗುಂಡಿಗೆ ಸಾಲಲಿಲ್ಲ' ಅಂತ ಊರವರು ಆಡಿಕೊಂಡರು. ನಾನು ಕೇಳಿದಾಗ ಅವರು ಹೇಳಿದ್ದಿಷ್ಟು: 'ಭೂಮೀಲಿ ನೀರಿಲ್ಲ ಅಂತ ನಾನು ಹೇಳಲ್ಲ ಕಣೋ. ಹುಡುಕೋಕೆ ನನ್ ಹತ್ರ ದುಡ್ಡಿಲ್ಲ, ಅಷ್ಟೇಯ.' ಅಡಿಕೆ ಗಿಡ ಒಣಗಿದವು. ದೊಡ್ಡಪ್ಪ ಮತ್ತೆ ರಾಗಿ, ಕಡಲೆಕಾಯಿಗೆ ಬಂದರು.

ಆ ಮಾತಲ್ಲಿ ಭೂಮಿಯ ಮೇಲೂ ತಮ್ಮ ಮೇಲೂ ಅವರು ಸುಳ್ಳು ಆಪಾದನೆ ಹೊರಿಸಲಿಲ್ಲ. ಕೆಲಸ ಬಿಟ್ಟು ಐದು ವರ್ಷದಿಂದ ಸರ್ಕಾರಿ ಪರೀಕ್ಷೆ ಬರೆಯುತ್ತಿರುವ ಗೆಳೆಯ, ಮುಳುಗುತ್ತಿರುವ ಸ್ಟಾರ್ಟಪ್ಪಿಗೆ ಸಾಲ ತಂದು ಸುರಿಯುತ್ತಿರುವ ಸಹೋದ್ಯೋಗಿ, ಇವರಿಗೆ ನಿಲ್ಲಿಸುವ ಹಕ್ಕನ್ನು ನಾವು ಕೊಡೋದೇ ಇಲ್ಲ. ನಿಲ್ಲಿಸಿದರೆ ಸೋತ ಅಂತೀವಿ. ಮುಂದುವರಿದರೆ ಖರ್ಚೇನೂ ನಮ್ಮ ಜೇಬಿಂದ ಹೋಗಲ್ಲವಲ್ಲ.

ನನ್ನ ಪ್ರೋಗ್ರಾಂ ಈಗ ಮೂರು ಥರ ಮುಗಿಯುತ್ತೆ. ದಾರಿ ಸಿಕ್ಕಿತು, ಇಗೋ ನಡೆಗಳು. ದಾರಿ ಇಲ್ಲ, ಇಗೋ ಕಾರಣ. ಇಷ್ಟು ಹುಡುಕಿದೆ, ಇಲ್ಲಿಗೆ ನಿಲ್ಲಿಸಿದೆ. ಮೂರನೆಯದನ್ನು ಯಾರಾದರೂ ನಿಮ್ಮ ಎದುರು ಹೇಳಿದರೆ, ದಯವಿಟ್ಟು 'ಇನ್ನು ಎರಡೇ ನಡೆ ಇತ್ತಲ್ಲೋ' ಅನ್ನಬೇಡಿ. ಕೂರಿಸಿ, ಒಂದು ಕಾಫಿ ಕೊಡಿಸಿ.