ವಾರ್ಧಕ್ಯದಲ್ಲಿ ಆಪತ್ತಿಗೆ ಸಿದ್ಧತೆ: ವೈರಾಗ್ಯಕ್ಕೆ ವಿರುದ್ಧವೇ?

ಮಳೆಗಾಲ ಸಮೀಪಿಸಿದಾಗಲೆಲ್ಲ ನಮ್ಮ ಸನತ್‌ನಗರದ ಹಿರಿಯರಲ್ಲಿ ಒಂದು ಮಾತು ಕೇಳಿಬರುತ್ತದೆ. "ನಮಗೇನು, ಎಂಬತ್ತರ ಹತ್ತಿರ ಬಂದೆವು. ನೀರು ಬಂದರೆ ಬರಲಿ, ಬೆಂಕಿ ಬಿದ್ದರೆ ಬೀಳಲಿ, ಎಲ್ಲವೂ ಶ್ರೀಹರಿಯ ಚಿತ್ತ. ಟಾರ್ಚು, ಔಷಧದ ಚೀಲ, ಫೋನ್ ನಂಬರುಗಳ ಪಟ್ಟಿ ಎಂದು ಪರದಾಡುವುದೆಲ್ಲ ಇನ್ನೂ ಬದುಕಬೇಕೆಂಬ ಆಸೆಯುಳ್ಳವರ ಕೆಲಸ." ಹೀಗೆನ್ನುವವರಲ್ಲಿ ಹಲವರು ರಾಯಚೂರು, ಗುಲಬರ್ಗಾ, ಬೀದರ ಸೀಮೆಗಳಿಂದ ಬಂದವರು, ಇಲ್ಲವೆ ಬಂದವರ ಮಕ್ಕಳು. ಆ ಜಿಲ್ಲೆಗಳು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದರೂ ಇವರು ಹೈದರಾಬಾದನ್ನು ಬಿಡಲಿಲ್ಲ. ಇಲ್ಲಿನ ಕಾರ್ಖಾನೆ ಕಛೇರಿಗಳಲ್ಲಿ ದುಡಿದು, ಮಕ್ಕಳನ್ನು ಓದಿಸಿ ದೂರದೇಶಕ್ಕೆ ಕಳುಹಿಸಿ, ಈಗ ದಂಪತಿಗಳಿಬ್ಬರೇ ಅಥವಾ ಒಬ್ಬೊಬ್ಬರೇ ಮೂರನೆಯ ಅಂತಸ್ತಿನ ಮನೆಗಳಲ್ಲಿ ಉಳಿದಿದ್ದಾರೆ. ಅವರ ಮಾತು ಕೇಳುವುದಕ್ಕೆ ವೈರಾಗ್ಯದಂತೆಯೇ ಇದೆ. ಅದು ನಿಜವಾಗಿ ವೈರಾಗ್ಯವೇ ಎಂಬುದು ವಿಚಾರಣೀಯ.

ಇದರಲ್ಲಿ ಎರಡು ಶಂಕೆಗಳು ಬೆರೆತಿವೆ. ಸರ್ವವೂ ಹರಿಯ ಅಧೀನವಾಗಿರುವಾಗ ಮನುಷ್ಯನ ಸಿದ್ಧತೆಯು ಅಪನಂಬಿಕೆಯಲ್ಲವೇ ಎಂಬುದು ಒಂದು. ನಮ್ಮ ಪ್ರಾಣವನ್ನು ನಾವು ಉಪೇಕ್ಷಿಸಿದರೆ ಅನ್ಯರಿಗೇನು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೆಚ್ಚು ಸ್ಥಳ ಬೇಡ. ಜೀವನಲ್ಲಿ ಕರ್ತೃತ್ವವೇ ಇಲ್ಲವೆಂದು ಶ್ರೀಮದಾಚಾರ್ಯರು ಹೇಳಲಿಲ್ಲ. ಅದು ಪರಾಧೀನವಾದ ಕರ್ತೃತ್ವ ಎಂದರು. ಇಲ್ಲವಾದರೆ ವಿಧಿನಿಷೇಧಗಳಿಗೇ ಅರ್ಥವಿರದು. ಹರಿಚಿತ್ತವೆನ್ನುವ ಹಿರಿಯರೂ ರಾತ್ರಿ ಬಾಗಿಲಿಗೆ ಚಿಲಕ ಹಾಕುತ್ತಾರೆ, ಬೆಳಿಗ್ಗೆ ರಕ್ತದೊತ್ತಡದ ಮಾತ್ರೆ ನುಂಗುತ್ತಾರೆ. ಚಿಲಕಕ್ಕೆ ಅಡ್ಡಿಬಾರದ ಶರಣಾಗತಿ ಟಾರ್ಚಿಗೆ ಮಾತ್ರ ಏಕೆ ಅಡ್ಡಿಬರಬೇಕು?

ನಾವು ವಾಸಿಸುವ ಈ ನಗರವು ನೀರಿನ ಪಾಠವನ್ನು ಬಹಳ ಬೆಲೆ ತೆತ್ತು ಕಲಿತದ್ದು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದಾಗ ಸುಮಾರು 15,000 ಜನ ಅಸುನೀಗಿದರೆಂದು ಹೇಳುತ್ತಾರೆ. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೇಮರವನ್ನು ಹತ್ತಿ ಸುಮಾರು 150 ಮಂದಿ ಬದುಕಿದರೆಂಬ ಕಥೆ ಪ್ರಸಿದ್ಧವಾಗಿದೆ. ಆ ಕಥೆಯನ್ನು ಹೇಳುವವರು ಒಂದು ಸಂಗತಿಯನ್ನು ಯೋಚಿಸುವುದಿಲ್ಲ. ಉಕ್ಕುವ ನೀರಿನ ನಡುವೆ ಹುಣಸೇಮರ ಹತ್ತಬೇಕಾದರೆ ಕೈಕಾಲಿನಲ್ಲಿ ಕಸುವಿರಬೇಕು. ಮೊಣಕಾಲು ನೋವಿನ ವೃದ್ಧೆ ಹತ್ತಬೇಕಾದರೆ ಕೆಳಗಿನಿಂದ ಒಬ್ಬರು ಎತ್ತಬೇಕು, ಮೇಲಿನಿಂದ ಒಬ್ಬರು ಕೈ ನೀಡಬೇಕು.

ಪ್ರವಾಹದ ಮರುವರ್ಷ ನಿಜಾಮ್ ಸರಕಾರವು ಕನ್ನಡನಾಡಿನ ಶ್ರೀ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿತು. ನದಿಯ ಮೇಲ್ಭಾಗದಲ್ಲಿಯೇ ನೀರನ್ನು ತಡೆದು ನಿಲ್ಲಿಸಬೇಕೆಂದು ಅವರು ಸಲಹೆಯಿತ್ತರು. ಅದರಂತೆ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣವಾದವು. ಆದರೆ ಆ ಜಲಾಶಯಗಳು ತಡೆಯುವುದು ನದಿಯ ನೀರನ್ನು. ಊರಿನ ಮೇಲೆಯೇ ಸುರಿಯುವ ಮಳೆಯನ್ನಲ್ಲ. 2000ದ ಆಗಸ್ಟ್ 24ರಂದು ನಮ್ಮ ನೆರೆಯ ಬೇಗಂಪೇಟೆಯಲ್ಲಿ ಒಂದೇ ದಿನ ಸುಮಾರು 24 ಸೆಂಟಿಮೀಟರ್ ಮಳೆ ಸುರಿಯಿತು. 2020ರ ಅಕ್ಟೋಬರ್ 13ರ ರಾತ್ರಿ ಮತ್ತೆ ಅಂಥದೇ ಮಳೆ ಬಂದು ಬಡಾವಣೆಗಳೇ ಮುಳುಗಿದವು. ಹುಸೇನ್ ಸಾಗರಕ್ಕೆ ಹೋಗುವ ಕೂಕಟಪಲ್ಲಿ ನಾಲಾ ನಮ್ಮ ಪಕ್ಕದ ಫತೇನಗರ, ಬೇಗಂಪೇಟೆಗಳ ಮಗ್ಗುಲಲ್ಲೇ ಹರಿಯುತ್ತದೆ. ಇನ್ನು 2009ರ ಅಕ್ಟೋಬರ್ 2ರಂದು ತುಂಗಭದ್ರೆ ಮಂತ್ರಾಲಯವನ್ನೇ ಹೊಕ್ಕದ್ದನ್ನು ನಮ್ಮ ಓದುಗರು ಮರೆತಿರಲಾರರು. ಕ್ಷೇತ್ರಕ್ಕೇ ನೀರು ಬಂದಿತೆಂದರೆ ಭಕ್ತಿಯಿದ್ದಲ್ಲಿ ಆಪತ್ತು ಬಾರದೆಂಬ ನಿಯಮವಿಲ್ಲವೆಂದಾಯಿತು.

ಎರಡನೆಯ ಶಂಕೆಯೇ ಕಠಿಣವಾದುದು. ಅದಕ್ಕೆ ಮಹಾಭಾರತದ ಕುಂತೀದೇವಿಯ ಜೀವನದಲ್ಲಿ ಬಂದ ಎರಡು ಬೆಂಕಿಗಳನ್ನು ನೋಡೋಣ.

ಮೊದಲನೆಯದು ವಾರಣಾವತದ ಅರಗಿನ ಮನೆಯದು. ಪಾಂಡವರು ಅಲ್ಲಿ ಕಣ್ಣುಮುಚ್ಚಿ ಕುಳಿತಿರಲಿಲ್ಲ. ವಿದುರನು ಗೂಢಭಾಷೆಯಲ್ಲಿ ಕೊಟ್ಟ ಎಚ್ಚರಿಕೆಯನ್ನು ಮನಸ್ಸಿಗೆ ತಂದುಕೊಂಡರು. ಅವನು ಕಳುಹಿಸಿದ ಖನಕನಿಂದ ಸುರಂಗ ತೋಡಿಸಿ, ಅದರ ಬಾಯಿಯನ್ನು ಮುಚ್ಚಿಟ್ಟರು. ಹಗಲಿನಲ್ಲಿ ಬೇಟೆಯ ನೆಪದಿಂದ ತಿರುಗಾಡಿ ಕಾಡಿನ ದಾರಿಗಳನ್ನು ಪರಿಚಯ ಮಾಡಿಕೊಂಡರು. ಆ ರಾತ್ರಿ ಬಂದಾಗ ಭೀಮಸೇನದೇವರು ತಾಯಿಯನ್ನು ಹೆಗಲ ಮೇಲೆ ಹೊತ್ತು, ಸೋದರರನ್ನೂ ಎತ್ತಿಕೊಂಡು ನಡೆದರು. ವಾಯುದೇವರ ಅವತಾರವೇ ಜೊತೆಯಲ್ಲಿದ್ದಾಗಲೂ ಸುರಂಗವನ್ನು ಮೊದಲೇ ತೋಡಿಸಬೇಕಾಯಿತು ಎಂಬುದನ್ನು ಗಮನಿಸಬೇಕು. ಕುಂತಿಯು ರಾಜಮಾತೆ, ಮಗನ ಹೆಗಲೇರುವುದು ತನ್ನ ಘನತೆಗೆ ಕುಂದೆಂದು ಆಕೆ ಹೇಳಲಿಲ್ಲ.

ಎರಡನೆಯದು ಬಹುಕಾಲದ ನಂತರ ಗಂಗಾದ್ವಾರದ ಅರಣ್ಯದಲ್ಲಿ ಎದ್ದ ಕಾಳ್ಗಿಚ್ಚು. ಧೃತರಾಷ್ಟ್ರ, ಗಾಂಧಾರಿ, ಕುಂತಿ ಮೂವರೂ ತಪಸ್ಸಿನಿಂದಲೂ ಉಪವಾಸದಿಂದಲೂ ಕೃಶರಾಗಿದ್ದರು, ಓಡುವ ಶಕ್ತಿಯಿರಲಿಲ್ಲ. ಬೆಂಕಿ ಸಮೀಪಿಸಿದಾಗ ಅಲ್ಲಿಯೇ ಕುಳಿತು ದೇಹವನ್ನು ಬಿಟ್ಟರು. ಅಂದು ಮಗನ ಹೆಗಲೇರಿ ಬದುಕಿದ ಕುಂತಿಯೇ ಇಂದು ಅಲುಗದೆ ಕುಳಿತಳು. ನಮ್ಮ ಹಿರಿಯರು ತಮ್ಮ ಪಕ್ಷಕ್ಕೆ ಇದನ್ನೇ ಪ್ರಮಾಣವಾಗಿ ತೋರಿಸಬಹುದು. ಆದರೆ ಆ ಪ್ರಸಂಗದಲ್ಲಿ ನಾಲ್ಕನೆಯವನೊಬ್ಬನಿದ್ದಾನೆ. ಸಂಜಯನು ಜೊತೆಯಲ್ಲಿದ್ದ. ಬೆಂಕಿ ಸುಡಲಾರದ ಕಡೆಗೆ ನೀನು ಹೊರಟುಹೋಗು ಎಂದು ಧೃತರಾಷ್ಟ್ರನು ಅವನನ್ನು ಕಳುಹಿಸಿದ, ಅವನು ಪಾರಾದ. ಬದುಕಿನುದ್ದಕ್ಕೂ ಪುತ್ರಮೋಹದಿಂದ ಕುರುಡನಾಗಿದ್ದ ಅರಸನಿಗೆ ಆ ಗಳಿಗೆಯಲ್ಲಾದರೂ ಇನ್ನೊಬ್ಬನ ಪ್ರಾಣ ಕಂಡಿತು.

ಮೂರನೆಯ ಅಂತಸ್ತಿನಲ್ಲಿ ಕುಳಿತು "ನಾನು ಬರುವುದಿಲ್ಲ" ಎನ್ನುವ ನಮ್ಮ ಹಿರಿಯರು ವನಕ್ಕೆ ಹೋದವರಲ್ಲ. ಪಿಂಚಣಿ ಒಂದು ದಿನ ತಡವಾದರೆ ಬ್ಯಾಂಕಿಗೆ ಹೋಗುತ್ತಾರೆ, ಕಾಫಿ ಆರಿದ್ದರೆ ಮುನಿಯುತ್ತಾರೆ. ಅದು ತಪ್ಪೆಂದು ನಾವು ಹೇಳುತ್ತಿಲ್ಲ, ಗೃಹಸ್ಥರ ಬದುಕೇ ಹಾಗೆ. ಆದರೆ ಅವರ ಸಂಜಯರು ಪಾರಾಗುವುದು ಹೇಗೆ? ಬಿಟ್ಟು ಹೋಗೆಂದರೂ ಬಿಟ್ಟುಹೋಗುವ ಮಗನಿಲ್ಲ, ಸೊಸೆಯಿಲ್ಲ. ಅಗ್ನಿಶಾಮಕ ದಳದ ಹುಡುಗನೂ ಬಾಗಿಲಿಗೆ ಬಂದ ಮೇಲೆ ಹಿಂದಿರುಗಲಾರ. ಎದೆಮಟ್ಟದ ನೀರಿನಲ್ಲಿ, ಕೆಳಗೆ ಮೋರಿಯ ಬಾಯಿ ತೆರೆದಿದೆಯೋ ಇಲ್ಲವೋ ತಿಳಿಯದೆ, ಅವನು ನಡೆದುಬರುತ್ತಾನೆ. ಅವನಿಗೂ ತಾಯಿಯಿದ್ದಾಳೆ. ನಮ್ಮ ಪ್ರಾಣವನ್ನು ನಾವು ಉಪೇಕ್ಷಿಸಿದರೆ ಅನ್ಯರಿಗೇನು ಎಂಬ ಪ್ರಶ್ನೆಗೆ ಇದೇ ಉತ್ತರ. ಸಿದ್ಧತೆಯು ಬದುಕಿನ ಮೇಲಿನ ಆಸೆಯಲ್ಲ, ಮುಂದೆಂದೋ ನಮ್ಮನ್ನು ಹೊರಬೇಕಾಗಿ ಬರುವವನಿಗೆ ಈಗಲೇ ಸಲ್ಲಿಸಬೇಕಾದ ಋಣ.

ಹಾಗೆ ನೋಡಿದರೆ ಏನೇನು ಸಿದ್ಧಮಾಡಬೇಕೆಂಬುದೂ ಸ್ಪಷ್ಟವಾಗುತ್ತದೆ. ಒಂದು ವಾರಕ್ಕೆ ಸಾಲುವ ಔಷಧ, ವೈದ್ಯರ ಚೀಟಿಯ ಪ್ರತಿ, ಇನ್ನೊಂದು ಜೊತೆ ಕನ್ನಡಕ, ಕಿವಿಯ ಯಂತ್ರದ ಸೆಲ್ಲು, ಆಧಾರ್ ಮತ್ತು ಪಿಂಚಣಿ ಕಾಗದಗಳ ಪ್ರತಿಗಳು ನೀರು ಹೊಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಸಿಗೆಯ ಸಮೀಪವಿರಲಿ. ಚೀಲವು ತಾವೇ ಎತ್ತಬಲ್ಲಷ್ಟು ಹಗುರವಾಗಿರಬೇಕು. ದೇವರಪೆಟ್ಟಿಗೆಯನ್ನು ಬಿಟ್ಟು ಬರಲಾರೆವೆನ್ನುವವರು ಅದರ ತೂಕವನ್ನೂ ಈಗಲೇ ಯೋಚಿಸಲಿ. ಮೊಬೈಲಿನ ಬ್ಯಾಟರಿ ಮುಗಿದರೆ ಅದರೊಳಗಿನ ನಂಬರುಗಳೂ ಮುಗಿದಂತೆ. ಆದ್ದರಿಂದ ಮಕ್ಕಳ, ವೈದ್ಯರ, ನೆರೆಯವರ ನಂಬರುಗಳನ್ನು ಕಾಗದದ ಮೇಲೆ ದಪ್ಪಕ್ಷರಗಳಲ್ಲಿ ಬರೆದಿಡಬೇಕು. ತುರ್ತಿಗೆ 112, ಆಂಬುಲೆನ್ಸಿಗೆ 108, ಹಿರಿಯರ ಸಹಾಯಕ್ಕೆ 14567 ಅದರಲ್ಲಿರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ವಿದ್ಯುತ್ತು ಹೋದಾಗ ಏನು ಮಾಡಬೇಕೆಂದು ವೈದ್ಯರನ್ನು ಕೇಳಿಟ್ಟುಕೊಳ್ಳಲಿ. ನೆನೆಸಿದ ಮಣ್ಣಿನ ಮಡಕೆಯ ತಂಪು ಈ ಕೆಲಸಕ್ಕೆ ಒದಗುತ್ತದೆ. ಲಿಫ್ಟು ನಿಂತಾಗ ಮೆಟ್ಟಿಲಿಳಿಯಲು ತಮಗೆ ಎಷ್ಟು ಹೊತ್ತು ಬೇಕು ಎಂಬುದನ್ನು ಮಳೆಯಿಲ್ಲದ ದಿನವೇ ಒಬ್ಬರ ಕೈ ಹಿಡಿದು ಇಳಿದು ನೋಡಬೇಕು. ಪಾಂಡವರ ಬೇಟೆ ಅದೇ ಅಲ್ಲವೇ?

ಬಿಸಿಲೂ ಆಪತ್ತೇ. 2015ರ ಬೇಸಿಗೆಯಲ್ಲಿ ಆಂಧ್ರ, ತೆಲಂಗಾಣ ರಾಜ್ಯಗಳೆರಡರಲ್ಲಿ 2,000ಕ್ಕೂ ಹೆಚ್ಚು ಜನ ಬಿಸಿಲಿನ ಬೇಗೆಗೆ ಬಲಿಯಾದರು. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ, ಬೆವರುವ ಶಕ್ತಿಯೂ ಇಳಿಯುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳು ದೇಹದ ನೀರನ್ನು ಹೊರಹಾಕುತ್ತವೆ. ನಿರ್ಜಲ ಏಕಾದಶಿಯಾದರೋ ಜ್ಯೇಷ್ಠ ಶುದ್ಧದಲ್ಲಿ, ಸೆಕೆ ಇನ್ನೂ ತಗ್ಗದ ದಿನಗಳಲ್ಲಿ ಬರುತ್ತದೆ. ಏಕಾದಶಿಯ ಉಪವಾಸವನ್ನು ವಿಧಿಸಿದ ಶಾಸ್ತ್ರವೇ ಎಂಬತ್ತು ತುಂಬಿದವರನ್ನು ಆ ವಿಧಿಯಿಂದ ಬಿಡಿಸಿದೆ. ಎಂಬತ್ತು ತುಂಬದಿದ್ದರೂ ರೋಗಿಷ್ಠರಾದವರು ವೈದ್ಯರನ್ನೂ ಮಠದ ವಿದ್ವಾಂಸರನ್ನೂ ಇಬ್ಬರನ್ನೂ ಕೇಳಿ ನಡೆದುಕೊಳ್ಳುವುದು ಒಳಿತು. ಒಬ್ಬರಿಗೆ ತಿಳಿಸಿ ಇನ್ನೊಬ್ಬರಿಗೆ ಮುಚ್ಚಿಡುವುದು ಬೇಡ.

ಮುಚ್ಚಿಡುವ ಸ್ವಭಾವವೇ ನಿಜವಾದ ತೊಡಕು. ರಾತ್ರಿ ಅಮೆರಿಕದಿಂದ ಮಗ ಫೋನು ಮಾಡಿದಾಗ ಸ್ನಾನದ ಮನೆಯಲ್ಲಿ ಜಾರಿದ್ದನ್ನು ಹೇಳದೆ "ಚೆನ್ನಾಗಿದ್ದೇವಪ್ಪಾ" ಎನ್ನುವುದು ವಾತ್ಸಲ್ಯದಿಂದ ಹುಟ್ಟಿದ ಮಾತು, ನಿಜ. ಆದರೂ ಅದು ಸುಳ್ಳು. ಅದನ್ನು ನಂಬಿಕೊಂಡು ಆತನು ಮಾಡುವ ಏರ್ಪಾಡುಗಳೆಲ್ಲ ಸುಳ್ಳಿನ ಮೇಲೆ ನಿಲ್ಲುತ್ತವೆ. ಹಾಗೆಯೇ ಬೀಗದ ಕೈ. ಒಳಗೆ ಬಿದ್ದವರು ಏಳಲಾರದಿದ್ದರೆ ಬಾಗಿಲು ಒಡೆಯಬೇಕಾಗುತ್ತದೆ. ಎದುರುಮನೆಯವರ ಬಳಿ ಒಂದು ಕೈ ಇದ್ದರೆ ಬೇಕಾಗುವುದಿಲ್ಲ. ಆದರೆ ಎದುರುಮನೆಯವರು ಬೇರೆ ಭಾಷೆಯವರು, ಬೇರೆ ಆಚಾರದವರು, ನಮ್ಮ ಮಡಿಯ ಅಡಿಗೆಮನೆಯೊಳಕ್ಕೆ ಕಾಲಿಟ್ಟಾರು ಎಂಬ ಅಳುಕು. ಈ ಅಳುಕನ್ನು ನಾವು ಹಾಸ್ಯ ಮಾಡುವುದಿಲ್ಲ, ಒಂದು ಜೀವಮಾನದ ನಿಷ್ಠೆ ಅದರ ಹಿಂದಿದೆ. ಪರಿಹಾರ ಶಿಬಿರದಲ್ಲಿ ಯಾರೋ ಬಡಿಸಿದ ಅನ್ನದ ಮುಂದೆ ಕೂಡುವಾಗಲೂ ಇದೇ ಅಳುಕು ಬರುತ್ತದೆ.

ಛಾಂದೋಗ್ಯೋಪನಿಷತ್ತಿನ ಉಷಸ್ತಿ ಚಾಕ್ರಾಯಣನಿಗೂ ಈ ಪ್ರಶ್ನೆ ಬಂದಿತ್ತು. ಕುರುದೇಶದ ಬೆಳೆ ಹಾಳಾಗಿ ಕ್ಷಾಮ ಬಂದಾಗ ಅವನು ಹೆಂಡತಿಯೊಡನೆ ಅಲೆಯುತ್ತ, ಆನೆಯವನೊಬ್ಬನು ತಿನ್ನುತ್ತಿದ್ದ ಕಾಳನ್ನೇ ಬೇಡಿ ಪಡೆದು ತಿಂದ. ಅವನು ಎಂಜಲು ನೀರನ್ನೂ ಕೊಡಹೋದಾಗ ಬೇಡವೆಂದ. ಕಾಳಿಲ್ಲದಿದ್ದರೆ ಪ್ರಾಣ ಉಳಿಯುತ್ತಿರಲಿಲ್ಲ. ನೀರಾದರೋ ಬೇರೆಡೆ ಸಿಕ್ಕುತ್ತದೆ ಎಂಬುದು ಅವನ ಸಮಾಧಾನ. ಎಷ್ಟು ಅವಶ್ಯವೋ ಅಷ್ಟಕ್ಕೆ ಸಡಿಲಿಸಿ, ಅದರಾಚೆ ಒಂದು ಗುಟುಕಿಗೂ ಅವನು ಕೈಚಾಚಲಿಲ್ಲ. ಉಳಿದ ಕಾಳನ್ನು ಅವನು ಹೆಂಡತಿಗೆ ತಂದುಕೊಟ್ಟ. ಆಕೆಗೆ ಅಷ್ಟರಲ್ಲಿ ಭಿಕ್ಷೆ ದೊರೆತಿತ್ತು. ಆದರೂ ಆಕೆ ಅದನ್ನು ಚೆಲ್ಲದೆ ಎತ್ತಿಟ್ಟಳು. ಮರುದಿನ ಬೆಳಿಗ್ಗೆ ಅದನ್ನೇ ತಿಂದು ಅವನು ರಾಜನ ಯಜ್ಞಶಾಲೆಗೆ ನಡೆದುಹೋದ.