ಎರಡು ಸಲ ತಟ್ಟಿದರೆ ಬಿಡಬೇಕು

ಜೂಡೋ ಕ್ಲಾಸಿಗೆ ಹೋಗ್ತೀನಿ ಅಂದ ಕೂಡಲೇ ನನಗೆ ಎದುರಾಗೋದು ಎರಡೇ ಪ್ರಶ್ನೆ. ಆಫೀಸಿನವರು ಕೇಳೋದು, "ಎಷ್ಟು ಕೆಜಿ ಇಳಿದೆ ಗುರು?" ಊರಲ್ಲಿ ಅವ್ವ ಕೇಳೋದು, "ಈ ವಯಸ್ನಲ್ಲಿ ಯಾರಿಗಪ್ಪ ಹೊಡೀಬೇಕು ಅಂತ ಕಲೀತಿದ್ದೀಯ?"

ಮೊದಲನೆಯದು ಲಾಭದ ಪ್ರಶ್ನೆ, ಎರಡನೆಯದು ಧರ್ಮದ ಪ್ರಶ್ನೆ. ನನಗನ್ನಿಸೋದು, ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿದೆ ಅಂತ.

ಲಾಭದ ಲೆಕ್ಕ ಮೊದಲು ಮುಗಿಸಿಬಿಡೋಣ. ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂರುವ ನನ್ನಂಥವನಿಗೆ ಸೊಂಟ, ಬೆನ್ನು, ಹೆಗಲು ಇದೆ ಅನ್ನೋದು ನೆನಪಾಗೋದೇ ನೋವು ಬಂದಾಗ. ಜೂಡೋದಲ್ಲಿ ಇಡೀ ಮೈ ಒಟ್ಟಿಗೆ ಕೆಲಸ ಮಾಡಬೇಕು. ಎದುರಾಳಿಯ ಅಂಗಿ ಹಿಡಿಯೋಕೆ ಬೆರಳು, ಎಳೆಯೋಕೆ ಬೆನ್ನು, ತಿರುಗೋಕೆ ಸೊಂಟ, ನಿಲ್ಲೋಕೆ ಪಾದ. ಮೂರು ನಿಮಿಷದ ಒಂದು ಸುತ್ತು ಮುಗಿಯುವಷ್ಟರಲ್ಲಿ ಅಂಗಿ ಹಿಂಡಿದರೆ ನೀರು ಬರುತ್ತೆ. ಆ ರಾತ್ರಿ ನಿದ್ದೆಗೆ ಯಾವ ಆ್ಯಪೂ ಬೇಕಾಗಲ್ಲ. ಮನಸ್ಸಿನ ವಿಷಯಕ್ಕೆ ಬಂದರೆ, ಎಂಬತ್ತು ಕೆಜಿಯ ಮನುಷ್ಯ ನಿಮ್ಮ ಕಾಲರ್ ಹಿಡಿದು ನಿಂತಿರುವಾಗ ಪ್ರೊಡಕ್ಷನ್ ಬಗ್ ನೆನಪಾಗೋದು ಸಾಧ್ಯವೇ ಇಲ್ಲ.

ಆದರೆ ಅಲ್ಲಿ ಮೊದಲ ಕೆಲವು ವಾರ ಯಾರನ್ನೂ ಕೆಡವೋದು ಹೇಳಿಕೊಡಲ್ಲ. ಬೀಳೋದು ಹೇಳಿಕೊಡ್ತಾರೆ. ಜಪಾನಿನವರು ಇದಕ್ಕೆ ಉಕೆಮಿ ಅಂತಾರೆ. ಗದ್ದ ಎದೆಗೆ ಒತ್ತಿಕೊಳ್ಳಬೇಕು, ಇಲ್ಲದಿದ್ದರೆ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತೆ. ಬೀಳುವಾಗ ಕೈ ಊರಿ ತಡೆಯೋದು ನಮ್ಮೆಲ್ಲರ ಹುಟ್ಟುಗುಣ. ಮಣಿಕಟ್ಟು ಮುರಿಯೋದೂ ಹಾಗೇ. ಅದರ ಬದಲು ಇಡೀ ತೋಳನ್ನು ಚಾಪೆಗೆ ಬಡಿದು ಪೆಟ್ಟನ್ನು ಹರಡಿಬಿಡಬೇಕು. ನೂರಾರು ಸಲ ಬಿದ್ದಮೇಲೆ ಬೀಳುವ ಭಯ ಕಮ್ಮಿಯಾಗುತ್ತೆ. ಇದು ದೇಹದ ಲಾಭವೋ ಮನಸ್ಸಿನದೋ, ಗೆರೆ ಎಳೆಯೋದು ಕಷ್ಟ.

ಈ ವಿದ್ಯೆ ಕಟ್ಟಿದ ಜಿಗೋರೋ ಕಾನೋ ಕುಳ್ಳಗಿನ, ತೆಳ್ಳಗಿನ ಆಸಾಮಿ. ಹುಟ್ಟಿದ್ದು 1860ರಲ್ಲಿ. ಶಾಲೆಯಲ್ಲಿ ದಾಂಡಿಗರ ಕಾಟ ತಾಳಲಾರದೆ ಹಳೆಯ ಜುಜುತ್ಸು ಕಲಿತ. 1882ರಲ್ಲಿ ಟೋಕಿಯೋದ ಒಂದು ಬೌದ್ಧ ದೇವಾಲಯದಲ್ಲಿ ಬೆರಳೆಣಿಕೆಯ ಶಿಷ್ಯರ ಜೊತೆ ತನ್ನದೇ ಶಾಲೆ ಶುರುಮಾಡಿದ. ವೃತ್ತಿಯಿಂದ ಅವನು ಮೇಷ್ಟ್ರು. ಅವನು ಮಾಡಿದ ದೊಡ್ಡ ಕೆಲಸ ಅಂದರೆ ಜೀವಕ್ಕೆ ಅಪಾಯ ತರುವ ಏಟುಗಳನ್ನು ಮುಕ್ತ ಅಭ್ಯಾಸದಿಂದ ಹೊರಗಿಟ್ಟಿದ್ದು. ಇಬ್ಬರೂ ಪೂರ್ತಿ ಬಲ ಹಾಕಿ ಸೆಣಸಬೇಕು, ಇಬ್ಬರೂ ಮಾರನೇ ದಿನ ಮತ್ತೆ ಬರುವ ಹಾಗಿರಬೇಕು. ತಾನೂ ಎದುರಿನವನೂ ಒಟ್ಟಿಗೆ ಏಳಿಗೆ ಕಾಣೋದು ಅವನು ಹೇಳಿದ ಎರಡು ಮುಖ್ಯ ತತ್ವಗಳಲ್ಲಿ ಒಂದು.

ನಮಗೆ ಇದು ಹೊಸದೇನಲ್ಲ ನೋಡಿ. ಮೈಸೂರು ಸೀಮೆಯ ಗರಡಿ ಮನೆ ನೋಡಿದವರಿಗೆ ಗೊತ್ತು. ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ ಬೆರೆಸಿ ಹದ ಮಾಡಿದ ಮಟ್ಟಿ, ಹನುಮಂತನ ಪಟ, ದಂಡ, ಬಸ್ಕಿ, ಗದೆ. ಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದರೆ ಮುಗೀತು, ಅದರ ಮೇಲೆ ಒಂದು ಏಟೂ ಇಲ್ಲ. ದಸರೆಯಲ್ಲಿ ಅರಮನೆಯ ಅಂಗಳದಲ್ಲಿ ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗ ನೋಡೋಕೆ ಭಯಂಕರ, ಆದರೆ ತಲೆಯಿಂದ ಮೊದಲ ಹನಿ ರಕ್ತ ಕಂಡ ಕೂಡಲೇ ಅದೂ ನಿಲ್ಲುತ್ತೆ. ಬೀದಿ ಜಗಳಕ್ಕೂ ವಿದ್ಯೆಗೂ ಇರೋ ವ್ಯತ್ಯಾಸ ಪಟ್ಟುಗಳಲ್ಲಿಲ್ಲ, ಎಲ್ಲಿ ನಿಲ್ಲಿಸಬೇಕು ಅನ್ನೋದು ಮೊದಲೇ ನಿಗದಿಯಾಗಿರುತ್ತಲ್ಲ, ಅದರಲ್ಲಿದೆ.

ಈಗ ಅವ್ವನ ಪ್ರಶ್ನೆ. ಇದಕ್ಕೆ ಎಲ್ಲರೂ ಕೊಡೋ ಉತ್ತರ ಒಂದಿದೆ: ಹೊಡೆಯೋ ತಾಕತ್ತು ಇದ್ದವನು ಹೊಡೆಯದೆ ಇರೋದೇ ನಿಜವಾದ ಸಂಯಮ, ಕೈಲಾಗದವನದ್ದು ಸಂಯಮ ಅಲ್ಲ. 1920ರಲ್ಲಿ ಗಾಂಧೀಜಿಯೂ 'ಯಂಗ್ ಇಂಡಿಯಾ'ದಲ್ಲಿ ಇದಕ್ಕೆ ಹತ್ತಿರದ ಮಾತು ಬರೆದರು. ಹೇಡಿತನ, ಹಿಂಸೆ ಎರಡರಲ್ಲೇ ಒಂದನ್ನು ಆರಿಸಬೇಕಾದರೆ ಹಿಂಸೆಯೇ ವಾಸಿ, ಆದರೆ ಅಹಿಂಸೆ ಅದಕ್ಕಿಂತ ಎಷ್ಟೋ ಮೇಲು, ಶಿಕ್ಷಿಸುವ ಶಕ್ತಿ ಇದ್ದಾಗಲೇ ಕ್ಷಮೆಗೆ ಅರ್ಥ ಅನ್ನೋದು ಅದರ ಸಾರ.

ಒಪ್ಪೋಣ ಅನ್ನಿಸುತ್ತೆ. ಆದರೆ ನನಗೆ ಪೂರ್ತಿ ಒಪ್ಪಿಗೆಯಾಗಲ್ಲ. ನಮ್ಮವ್ವ ಜೀವಮಾನದಲ್ಲಿ ಯಾರಿಗೂ ಕೈ ಎತ್ತಿದವಳಲ್ಲ, ಎತ್ತಿದರೂ ಯಾರಿಗೂ ನೋಯಲ್ಲ. ಬದುವಿನ ಜಗಳದಲ್ಲಿ ಎರಡು ಮನೆಯವರು ಗುದ್ದಲಿ ಹಿಡಿದು ನಿಂತಿದ್ದಾಗ ನಡುವೆ ಹೋಗಿ ನಿಂತವಳು ಅವಳೇ. ಅದನ್ನ ಕೈಲಾಗದವಳ ಅಹಿಂಸೆ ಅಂತ ಹೇಗೆ ಕರೆಯೋದು? ಇನ್ನೊಂದು ಕಡೆ, ಜಿಮ್ಮಿನಲ್ಲಿ ತೋಳು ಬೆಳೆಸಿಕೊಂಡು ಸಿಗ್ನಲ್ಲಿನಲ್ಲಿ ಆಟೋದವರ ಮೇಲೆ ಏರಿಹೋಗೋರನ್ನ ಬೆಂಗಳೂರಿನಲ್ಲಿ ವಾರಕ್ಕೊಬ್ಬರನ್ನ ನೋಡ್ತೀವಿ. ಬಲ ಬಂದರೆ ಸಂಯಮ ತಾನಾಗೇ ಬರುತ್ತೆ ಅನ್ನೋದು ಸುಳ್ಳು. ಬಲ ಬರೀ ಬಲ. ಸಂಯಮವನ್ನ ಬೇರೆಯಾಗೇ ಕಲೀಬೇಕು.

ಚಾಪೆಯ ಮೇಲೆ ಅದನ್ನ ಕಲಿಸೋದು ಒಂದು ಸಣ್ಣ ಸನ್ನೆ. ಜೂಡೋದಲ್ಲಿ ಕತ್ತು ಒತ್ತುವ ಪಟ್ಟುಗಳಿವೆ. ಕಾಲರನ್ನು ಸರಿಯಾಗಿ ಬಿಗಿದು ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತೆ. ಆ ಹೊತ್ತಿನಲ್ಲಿ ಬಾಯಿಂದ ಮಾತು ಹೊರಡೋದು ಕಷ್ಟ. ಅದಕ್ಕೆ ಸಿಕ್ಕಿಬಿದ್ದವನು ಎದುರಾಳಿಯ ಮೈಮೇಲೋ ಚಾಪೆಯ ಮೇಲೋ ಎರಡು ಸಲ ತಟ್ಟುತ್ತಾನೆ. ಕೈ ಆಡದಿದ್ದರೆ ಕಾಲು ಬಡಿಯುತ್ತಾನೆ. ಅಷ್ಟೇ. ತಕ್ಷಣ ಬಿಡಬೇಕು.

ಯಾಕೆ ಅಂತ ಕೇಳೋ ಹಾಗಿಲ್ಲ. ನಿಜವಾಗಲೂ ನೋವಾಯ್ತಾ ಅಂತ ವಿಚಾರಣೆ ಇಲ್ಲ. ಇನ್ನೊಂದು ಸ್ವಲ್ಪ ತಡ್ಕೋಬಹುದಿತ್ತು ಅನ್ನೋ ಉಪದೇಶವೂ ಇಲ್ಲ. ನನಗಿಂತ ಹನ್ನೆರಡು ವರ್ಷ ಚಿಕ್ಕವಳಾದ ಕಾಲೇಜು ಹುಡುಗಿಯೊಬ್ಬಳು ವಾರಕ್ಕೆ ಎರಡು ಸಲ ನನ್ನ ಕೈಲಿ ಹೀಗೆ ತಟ್ಟಿಸ್ತಾಳೆ. ಎರಡನೇ ತಟ್ಟಿನ ಸದ್ದು ಮುಗಿಯೋ ಮುಂಚೆ ಅವಳ ಹಿಡಿತ ಸಡಿಲವಾಗಿರುತ್ತೆ. ಇಬ್ಬರೂ ಎದ್ದು, ತಲೆಬಾಗಿ, ಮತ್ತೆ ಶುರು.

ಒಮ್ಮೆ ಹೊಸದಾಗಿ ಸೇರಿದ ಗಟ್ಟಿಮುಟ್ಟಾದ ಹುಡುಗನೊಬ್ಬ, ಎದುರಿನವನು ತಟ್ಟಿದ ಮೇಲೂ ಅರೆಕ್ಷಣ ಬಿಗಿಹಿಡಿದೇ ಇದ್ದ. ಮಾಸ್ಟರ್ ಬೈಯಲಿಲ್ಲ. ಗೋಡೆ ಪಕ್ಕ ಕೂರಿಸಿ, "ನೀನು ಬಿಡಲ್ಲ ಅಂತ ಗೊತ್ತಾದ್ರೆ ನಾಳೆಯಿಂದ ನಿನ್ನ ಜೊತೆ ಯಾರೂ ಆಡಲ್ಲ. ಒಬ್ಬನೇ ಏನ್ ಕಲೀತೀಯ?" ಅಂದರು. ಅವತ್ತಿಡೀ ಅವನು ಕೂತಿದ್ದ.

ಮಾಸ್ಟರ್ ಹೇಳಿದ್ದು ನನ್ನ ತಲೆಯಲ್ಲಿ ಉಳಿದಿರೋದಕ್ಕೆ ಕಾರಣ ಆಫೀಸು. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ, ನನ್ನ ಪಕ್ಕದ ಟೀಮಿನ ಹುಡುಗನೊಬ್ಬ ಪ್ರತಿ ಸ್ಪ್ರಿಂಟಿನಲ್ಲೂ "ಆಗುತ್ತೆ" ಅಂತಿದ್ದ. ರಾತ್ರಿ ಎರಡು ಗಂಟೆಗೂ ಮೆಸೇಜಿಗೆ ಉತ್ತರ ಬರೋದು. ಒಂದು ಮಧ್ಯಾಹ್ನ ಸ್ಕ್ರೀನ್ ಮೇಲಿನ ಅಕ್ಷರ ಓದೋಕಾಗ್ತಿಲ್ಲ ಅಂತ ಎದ್ದು ಹೋದವನು ಮತ್ತೆ ಬರಲಿಲ್ಲ. ಮೊದಲು ರಜೆ, ಆಮೇಲೆ ರಾಜೀನಾಮೆ. "ಕಷ್ಟ ಆಗ್ತಿದೆ ಅಂತ ಒಂದು ಮಾತು ಹೇಳಬಹುದಿತ್ತಲ್ಲ" ಅಂತ ಎಲ್ಲರೂ ಅಂದರು. ಅವನು ಒಂದು ಸಲ ಹೇಳಿದ್ದ. ಆ ವರ್ಷದ ಅಪ್ರೈಸಲ್ಲಿನಲ್ಲಿ ಅವನ ಹೆಸರಿನ ಮುಂದೆ 'ಓನರ್‌ಶಿಪ್ ಕಮ್ಮಿ' ಅಂತ ಬಂದಿತ್ತು. ಆಮೇಲೆ ಅವನು ತಟ್ಟಲೇ ಇಲ್ಲ.

ಒತ್ತಡ ತಡೆಯೋದು ಹೇಗೆ ಅಂತ ಕಂಪನಿಗಳು ನಮಗೆ ಸೆಷನ್ ಮಾಡಿಸ್ತವೆ. ಕಷ್ಟ ಇದ್ದರೆ ಹಿಂಜರಿಯದೆ ಹೇಳಿ ಅಂತ ಮೇಲ್ ಬರುತ್ತೆ. ಜೂಡೋ ಕಲಿತರೆ ಮನೋಬಲ ಹೆಚ್ಚುತ್ತೆ, ಆಫೀಸಿನ ಒತ್ತಡ ತಾಳ್ಕೋಬಹುದು ಅಂತ ನಾನೂ ಇಲ್ಲಿ ಬರೆದು ಮುಗಿಸಬಹುದಿತ್ತು. ಆದರೆ ಚಾಪೆ ತೋರಿಸೋದು ಬೇರೆ. ಅಲ್ಲಿ ಜನ ಧೈರ್ಯವಾಗಿ ತಟ್ಟೋದು ಅವರ ಮನೋಬಲದಿಂದ ಅಲ್ಲ, ತಟ್ಟಿದರೆ ಬಿಡ್ತಾರೆ ಅನ್ನೋ ಖಾತ್ರಿಯಿಂದ. ಆ ಖಾತ್ರಿ ಕೊಡಬೇಕಾದವನು ಕೆಳಗೆ ಸಿಕ್ಕಿಕೊಂಡವನಲ್ಲ, ಮೇಲೆ ಹಿಡಿದವನು. ಹಾಗಾಗಿ 'ಸಾಕು' ಅನ್ನೋದು ಹೇಳುವವನ ಧೈರ್ಯದ ಪ್ರಶ್ನೆ ಆಗೋ ಮುಂಚೆ ಕೇಳುವವನ ಧರ್ಮದ ಪ್ರಶ್ನೆ.

ಈ ಹೋಲಿಕೆಗೂ ಮಿತಿ ಇದೆ. ಚಾಪೆಯ ಮೇಲೆ ಇವತ್ತು ಮೇಲಿರೋನು ನಾಳೆ ಕೆಳಗಿರ್ತಾನೆ; ಆಫೀಸಿನಲ್ಲಿ, ಎಷ್ಟೋ ಮನೆಗಳಲ್ಲೂ, ಸರದಿ ಬದಲಾಗೋದೇ ಇಲ್ಲ. ಅದಕ್ಕೇ ಅಲ್ಲಿ ಮೇಲಿರೋರಿಗೆ ಅಭ್ಯಾಸ ಇನ್ನೂ ಹೆಚ್ಚು ಬೇಕು. ಐದು ವರ್ಷದ ಮಗಳಿಗೆ ಕಚಗುಳಿ ಇಡುವಾಗ ಅವಳು ಕಿಲಕಿಲ ನಗ್ತಾನೇ "ಸಾಕಪ್ಪಾ" ಅಂತಾಳೆ. ನಗು ಇನ್ನೂ ಮುಂದುವರೀತಿರುತ್ತೆ, ನನ್ನ ಕೈ ನಿಲ್ಲುತ್ತೆ. ಬೇಕಾದರೆ ಅವಳೇ ಮತ್ತೆ ಕೇಳ್ತಾಳೆ.

ಈಗ ನನ್ನ ಕೆಳಗೆ ನಾಲ್ಕು ಜನ ಕೆಲಸ ಮಾಡ್ತಾರೆ. ಶುಕ್ರವಾರಕ್ಕೆ ಆಗಲ್ಲ ಅಂತ ಯಾರಾದರೂ ಹೇಳಿದರೆ ಮೊದಲು ಆ ಕೆಲಸವನ್ನ ಅವರ ತಲೆಯಿಂದ ಇಳಿಸ್ತೀನಿ, ಕಾರಣ ಏನು ಅಂತ ಮಾತಾಡೋದು ಆಮೇಲೆ. ಇದನ್ನ ದುರುಪಯೋಗ ಮಾಡ್ಕೊಳ್ಳಲ್ವಾ ಅಂತ ನನ್ನ ಮ್ಯಾನೇಜರ್ ಕೇಳಿದ್ದಾರೆ. ಮಾಡ್ಕೊಳ್ಳೋರು ಇರಬಹುದು. ಕ್ಲಾಸಿನಲ್ಲೂ ಬೇಗ ತಟ್ಟಿಬಿಡೋರು ಇದ್ದಾರೆ. ಅವರು ಒಂದೆರಡು ಪಟ್ಟು ತಡವಾಗಿ ಕಲೀತಾರೆ, ಆದರೆ ಮಾರನೇ ದಿನ ಮತ್ತೆ ಬರ್ತಾರೆ.